ಬಿಲ್ಲು ಬೇಕಂದ್ರ ಬಿಲ್ಲೇ ಬೇಕು

ಒಂದು ವಸ್ತು ಬೇಕೇ ಬೇಕೆಂದು ಹಟ ಹಿಡಿದವನಿಗೆ ಆ ವಸ್ತು ಸಿಗುವ ಮೊದಲು ಊರೂರಿನ ನಗು ಸಿಗುತ್ತದೆ. ನನಗಂತೂ ಜೀವಮಾನವೆಲ್ಲ ಹಾಗೇ ಆಗುತ್ತ ಬಂದಿದೆ. ಆದರೆ ಬಿಲ್ಲಿನ ವಿಷಯದಲ್ಲಿ ಆದಷ್ಟು ಮತ್ತೆ ಯಾವುದರಲ್ಲೂ ಆಗಿಲ್ಲ.

ಆಗ ನಿಜಾಮರ ಆಳ್ವಿಕೆ. ನಾನು ಚಿತ್ತಾಪುರದ ತಹಶೀಲ ಕಚೇರಿಯಲ್ಲಿ ಉರ್ದು ಕಾಗದಗಳ ನಕಲು ತೆಗೆಯುವ ಮುನ್ಷಿ. ದಿನವೆಲ್ಲ ಬಗ್ಗಿ ಬರೆದು ಬರೆದು ಬೆನ್ನು ಗೂನಾದೀತೆಂದು ಬೆಳಗ್ಗೆ ತಾಲೀಮಿಗೆ, ಅಂದರೆ ಗರಡಿಮನೆಗೆ, ಹೋಗುತ್ತಿದ್ದೆ. ಅಲ್ಲಿಯ ಉಸ್ತಾದರು ಹರೆಯದಲ್ಲಿ ಒಬ್ಬ ಜಾಗೀರದಾರರ ಬಳಿ ಸವಾರರಾಗಿದ್ದವರು. ಕುದುರೆ ಓಡುತ್ತಿರುವಾಗಲೇ ಬಾಣ ಬಿಟ್ಟು ಗುರಿ ಹೊಡೆಯುತ್ತಿದ್ದರಂತೆ. ಈಗ ಅವರ ಕಣ್ಣು ಮಂಜಾಗಿತ್ತು, ಕೈ ಮಾತ್ರ ಉಕ್ಕಿನಂತಿತ್ತು. ಸುತ್ತಲ ಸೀಮೆಯಲ್ಲಿ ಆ ವಿದ್ಯೆ ಬಲ್ಲವರು ಬೇರೆ ಯಾರೂ ಉಳಿದಿರಲಿಲ್ಲ. ಕಲಿಸಿರೆಂದು ಕೇಳಿಕೊಂಡೆ.

"ಕಲಸ್ತೀನಿ ಬೇಟಾ. ಆದ್ರ ಬಿಲ್ಲು ನಿಂದೇ ಇರಬೇಕು. ಮಂದಿ ಬಿಲ್ಲು ಮಂದಿ ಮಾತೇ ಕೇಳ್ತದ. ದಸರಾ ಆದ ಮ್ಯಾಲ ನಾ ಬೀದರಕ್ಕ ಮಗಳ ಮನಿಗಿ ಹೋಗಾಂವ, ಹೊಳ್ಳಿ ಬರಂಗಿಲ್ಲ. ಅದರೊಳಗ ತಂದ್ರ ತಂದಿ."

"ಎಂಥಾ ಬಿಲ್ಲು ತರಲ್ರಿ?"

"ಎರಡೂ ತುದಿ ಹಿಂದಕ್ಕ ಹೊಳ್ಳಿರಬೇಕು. ಮುನಿಸ್ಕೊಂಡ ಸೊಸಿ ಮಾರಿ ಹೊಳ್ಳಿಸಿದ್ಹಂಗ."

ಅವತ್ತೇ ತೀರ್ಮಾನ ಮಾಡಿದೆ. ದಸರಾದೊಳಗೆ ತಂದೇ ತರುವುದು.

ಚಿಂಚೋಳಿಯ ಕಾಡಿನಲ್ಲಿ

ಚಿಂಚೋಳಿ ಕಡೆ, ಚಂದ್ರಂಪಳ್ಳಿಯ ಕಾಡಂಚಿಗೆ ಒಬ್ಬ ಬೇಟೆಗಾರ ಬಿಲ್ಲು ಮಾಡುತ್ತಾನೆಂದು ಕೇಳಿ, ರಜೆ ಹಾಕಿ ಹೋದೆ. ಗುಡಿಸಲ ಮುಂದೆ ಕುಳಿತು ಬಿದಿರು ಹೆರೆಯುತ್ತಿದ್ದ. ಅರ್ಧ ತೆಲುಗು, ಅರ್ಧ ಕನ್ನಡ.

"ಕುಂದ್ರಿ. ಏನಕ್ಕ ಹೊಡೀತೀರಿ? ಹಂದಿಗೋ, ಮೊಲಕ್ಕೋ?"

"ಗುರಿಗಿ ಹೊಡೀತೀನಿ," ಎಂದೆ.

ಅವನು ಹೆರೆಯುವುದನ್ನು ನಿಲ್ಲಿಸಿದ. "ಗುರಿ ಅಂದ್ರ ಯಾವ ಪ್ರಾಣಿರಿ? ಈ ಕಾಡಿನಾಗ ನಾ ನೋಡಿಲ್ಲ."

"ಪ್ರಾಣಿ ಅಲ್ಲಪ್ಪಾ. ಹುಲ್ಲಿನ ಪೆಂಡಿ ಕಟ್ಟಿ ನಿಲ್ಲಸ್ತಾರ. ಅದಕ್ಕ ದೂರ ನಿಂತು ಹೊಡೀಬೇಕು."

ಅವನು ಒಳಗಿದ್ದ ಹೆಂಡತಿಯನ್ನು ಕೂಗಿ ಕರೆದ. ಇಬ್ಬರೂ ನನ್ನನ್ನು ಒಮ್ಮೆ ಮರುಕದಿಂದ ನೋಡಿದರು. ಆಕೆ ಒಳಗೆ ಹೋಗಿ ಏನೋ ಹಿಡಿದುಕೊಂಡು ಬಂದಳು.

"ಹುಲ್ಲಿಗಿ ಬಿಲ್ಲು ಯಾಕಪ್ಪಾ?" ಎಂದು ನನ್ನ ಕೈಗೆ ಕುಡಗೋಲು ಕೊಟ್ಟಳು.

ಸೇಡಂನ ಬಂಗಾರದ ಬಿಲ್ಲು

ಅವನ ಬಿದಿರಿನ ಬಿಲ್ಲಿನ ತುದಿ ಹೇಗೂ ಹಿಂದಕ್ಕೆ ಹೊರಳಿರಲಿಲ್ಲ. ನಾನು ಸೋಲಲಿಲ್ಲ. ಸೇಡಂನಲ್ಲಿ ಒಂದು ಹಳೆಯ ಮನೆತನದವರ ಗೋಡೆಯ ಮೇಲೆ ಅಜ್ಜಂದಿರ ಕಾಲದ ಬಿಲ್ಲುಗಳಿವೆ, ಕೇಳಿದರೆ ಕೊಟ್ಟೇಬಿಡುತ್ತಾರೆ ಎಂದು ಉಸ್ತಾದರೇ ಹೇಳಿ ಕಳಿಸಿದರು. ಆ ಮನೆಯ ಮುದಿ ಬೇಗಂ ಪರದೆಯ ಹಿಂದಿನಿಂದಲೇ ಮಾತಾಡಿದರು.

"ದೊಡ್ಡದು ಗೋಡೆ ಮ್ಯಾಲ ಅದ. ಸಣ್ಣದು ಹೈದರಾಬಾದಿನಾಗ ನಮ್ಮ ತಮ್ಮನ ಬಲ್ಲೇಕ ಅದ. ನಿಮ್ಮ ಕೈ ನೋಡಿದ್ರ ಸಣ್ಣದೇ ಛಲೋ ಅನಸ್ತದ."

ಪರದೆಯ ಹಿಂದಿನಿಂದ ನನ್ನ ಕೈ ಹೇಗೆ ಕಂಡಿತೋ! ನನಗೆ ಸಿಟ್ಟು ಬಂತು. ದೊಡ್ಡದರ ಮೇಲೆ ಬಂಗಾರದ ಬಳ್ಳಿ, ಕೆಂಪು ಹೂವು ಬರೆದಿತ್ತು. "ದೊಡ್ಡದೇ ಕೊಡ್ರಿ," ಎಂದು ಎದೆಯುಬ್ಬಿಸಿ ತಂದೆ.

ಮನೆಯಲ್ಲಿ ಅದಕ್ಕೆ ಹೆದೆ ಕಟ್ಟಿದೆ. ಬಿಲ್ಲು ಹೇಗೆ ಬಾಗಿತ್ತೋ ಹಾಗೇ, ಈ ತುದಿಯಿಂದ ಆ ತುದಿಗೆ. ಬಲವೇ ಬೇಕಾಗಲಿಲ್ಲ. ಬೇಗಂ ಸುಮ್ಮನೆ ಹೆದರಿಸಿದರು ಎಂದುಕೊಂಡು ತಾಲೀಮಿಗೆ ಒಯ್ದೆ. ಉಸ್ತಾದರು ಕೈಯಾಡಿಸಿ ನೋಡಿದರು. ಮತ್ತೊಮ್ಮೆ ಆಡಿಸಿದರು.

"ಬೇಟಾ, ಇದು ಹೆದಿ ಇಲ್ಲದಾಗ ಒಂದು ಕಡಿ ಬಾಗಿರ್ತದ. ಅದನ್ನ ಪೂರಾ ತಿರುವಿ ಇನ್ನೊಂದು ಕಡಿ ಬಾಗಿಸಿ ಹೆದಿ ಏರಸಬೇಕು. ನೀ ಕಟ್ಟಿದ್ದು ಬಿಲ್ಲಲ್ಲ, ತೊಟ್ಟಿಲು. ಮಲಗಸಲಿಕ್ಕ ಕೂಸು ತಂದೀ ಏನು?"

ಸರಿಯಾಗಿ ತಿರುವಲು ನನ್ನಿಂದ ಆಗಲಿಲ್ಲ. ತಾಲೀಮಿನ ದೊಡ್ಡ ಪೈಲವಾನ "ಆಚೀಗಿ ಸರೀರಿ" ಎಂದು ಮುಂದೆ ಬಂದ. ಒಂದು ತುದಿ ಕಾಲಿನಡಿ ಇಟ್ಟು, ಮಂಡಿ ಕೊಟ್ಟು ಎಳೆದ. ಬಿಲ್ಲು ಅರ್ಧ ಬಾಗಿತು, ಮನಸ್ಸು ಬದಲಿಸಿತು, ಫಟ್ಟನೆ ಹಿಂದಕ್ಕೆ ಹೊರಳಿತು. ಪೈಲವಾನ ಅಂಗಾತ ಮಣ್ಣಿನಲ್ಲಿ ಬಿದ್ದ.

ಐದು ತಾಲೂಕಿನಲ್ಲಿ ಅವನ ಬೆನ್ನಿಗೆ ಮಣ್ಣು ಹತ್ತಿಸಿದವರು ಯಾರೂ ಇರಲಿಲ್ಲ. ಉಸ್ತಾದರು ಬಿಲ್ಲನ್ನು ಎತ್ತಿ ಹಿಡಿದು, "ಕುಸ್ತಿ ಇದೇ ಗೆದ್ದದ. ಗೆದ್ದಾಂವನ ತಲಿ ಪಟಗಾ ಇದಕ್ಕೇ ಸುತ್ತರಿ," ಎಂದರು.

ವಾಡಿ ಸ್ಟೇಷನ್ನಿನಲ್ಲಿ

ತಲೆ ತಗ್ಗಿಸಿ ಸೇಡಂಗೆ ಹೋಗಿ ದೊಡ್ಡದನ್ನು ಮರಳಿಸಿದೆ. ಬೇಗಂ ನಗಲಿಲ್ಲ, ಆದರೆ ಪರದೆ ಬಹಳ ಹೊತ್ತು ಅಲುಗಾಡಿತು. ಸಣ್ಣದನ್ನು ತಮ್ಮನಿಂದ ರೈಲಿನಲ್ಲಿ ವಾಡಿಗೆ ಕಳಿಸಿಕೊಡುವುದಾಗಿ ಹೇಳಿದರು.

ಬರುವ ದಿನ ವಾಡಿ ಜಂಕ್ಷನ್ನಿಗೆ ಹೋದೆ. ಪಾರ್ಸಲ್ ಬಾಬು ಹೊಸಬ, ಬೇರೆ ಕಡೆಯಿಂದ ಬಂದು ನಮ್ಮ ಮಾತು ಈಗಷ್ಟೇ ಕಲಿತವನು.

"ನನ್ನ ಬಿಲ್ಲು ಬಂದದೇನ್ರಿ?"

"ಬಿಲ್ಲು ಆಮ್ಯಾಲ. ಮೊದಲು ಮಾಲು ಏನು ಹೇಳ್ರಿ."

"ಮಾಲೇ ಬಿಲ್ಲುರಿ."

"ಮಾಲಿನ ಬಿಲ್ಲು ಮಾಲಿನ ಸಂಗಾಟ ಬರ್ತದ. ಮಾಲು ಯಾವುದು?"

"ಬಿಲ್ಲು!"

ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಮಾಲಿಲ್ಲದ ಬಿಲ್ಲು ನಾ ಕೊಡಂಗಿಲ್ಲ. ನನ್ನ ನೌಕರಿ ಹೋಗ್ತದ."

ನಾನು ಬಿಟ್ಟು ಹೋಗುವವನಲ್ಲ. ಮಾತಿನಿಂದ ಆಗದ್ದನ್ನು ಮೈಯಿಂದ ಹೇಳೋಣವೆಂದು ಪ್ಲಾಟ್‌ಫಾರ್ಮಿನ ನಡುವೆ ಕಾಲು ಅಗಲಿಸಿ ನಿಂತು, ಎಡಗೈ ಮುಂದೆ ಚಾಚಿ, ಬಲಗೈ ಕಿವಿಯವರೆಗೆ ಎಳೆದು, ಒಂದು ಕಣ್ಣು ಮುಚ್ಚಿ ತೋರಿಸಿದೆ. ಅವನ ಮುಖ ಅರಳಿತು.

"ಹಾಂ! ಮೊದಲೇ ಹೇಳಬಾರದೇನ್ರಿ?" ಎಂದು ಒಳಗೆ ಓಡಿದ. ಖುಷಿಯಿಂದ ಎರಡೂ ಕೈಯಲ್ಲಿ ಎತ್ತಿ ತಂದದ್ದು ಒಂದು ಪಿಟೀಲು.

ಶಹಾಬಾದಿನ ಗಾದಿ

ಕೊನೆಗೆ ಬಿಲ್ಲು ಮೂಲೆಯಲ್ಲಿ ಸಿಕ್ಕಿತು. ಬಲು ಚಂದ ಇತ್ತು. ಬಂಗಾರವಿಲ್ಲ, ಹೂವಿಲ್ಲ, ಆದರೆ ಹಿಡಿದರೆ ಕೈಗೆ ತಾನಾಗಿ ಒಪ್ಪಿತು. ಉಸ್ತಾದರು ನನಗೆ ಹೆದೆ ಏರಿಸುವುದನ್ನು ತೋರಿಸಿ, "ಬಾಣದ ಮೊನಿ ಮಾಡಿಸ್ಕೊಂಡು ಬಾ," ಎಂದರು. ಶಹಾಬಾದಿನ ಕಲ್ಲುಗಣಿಯವರ ಉಳಿ ಹದ ಮಾಡುವ ಕಮ್ಮಾರನ ಕಡೆ ಹೊರಟೆ. ಅಳತೆಗೆಂದು ಬಿಲ್ಲನ್ನು ಹೆಗಲಿಗೆ ಹಾಕಿಕೊಂಡಿದ್ದೆ.

ಒಂದು ಓಣಿಯಲ್ಲಿ ಬಾಗಿಲಿಗೆ ನಿಂತ ಹೆಣ್ಣುಮಗಳು ಕೂಗಿದಳು: "ಏ ಪಿಂಜಾರಣ್ಣಾ, ಬಾ ಇಲ್ಲಿ! ಗಾದಿ ಹತ್ತಿ ಭಾಳ ಗಂಟಾಗ್ಯದ."

"ನಾ ಹತ್ತಿ ಹಿಂಜಾಂವ ಅಲ್ರಿ ಬಾಯಿ."

"ಹೆಗಲಿಗಿ ಹತ್ತಿ ಹಿಂಜೂ ಬಿಲ್ಲು ಅದ, ಅಲ್ಲ ಅಂತೀ?"

"ಇದು ಯುದ್ಧದ ಬಿಲ್ಲುರಿ!"

"ಯುದ್ಧ ಆಮ್ಯಾಲ ಮಾಡುವೆಂತ. ಮೊದಲ ಗಾದಿ ಮಾಡು."

ಅಷ್ಟರಲ್ಲಿ ಪಕ್ಕದ ಮನೆಯಿಂದ ಇನ್ನೊಂದು ಗಾದಿ, ಎದುರು ಮನೆಯಿಂದ ಎರಡು ದಿಂಬು ಬಂದವು. ನಾನು ಓಡಿದೆ. ಹಿಂದಿನಿಂದ ಆಕೆ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು: "ನೋಡ್ರೆವ್ವಾ, ಗಾದಿಗೇ ಅಂಜಿ ಓಡ್ಯಾನ. ಇಂವ ಯುದ್ಧಕ್ಕ ಹೊಂಟಾನಂತ!"

ಅವ್ವನ ಮನೆ

ಮೊನೆ ಮಾಡಿಸಿಕೊಂಡು ಮನೆಗೆ ಬಂದು ಅವ್ವನಿಗೆ ಬಿಲ್ಲು ತೋರಿಸಿದೆ. ಅವಳು ಪ್ರೀತಿಯಿಂದ ಸವರಿದಳು.

"ಭಾಳ ನುಣ್ಣಗದ. ಯಾವ ಕಟ್ಟಿಗೀದೋ?"

ಅಲ್ಲಿಗೇ ಸುಮ್ಮನಿರಬಹುದಿತ್ತು. ಕಲಿತದ್ದನ್ನು ಹೇಳುವ ಉತ್ಸಾಹ ನನಗೆ. "ಕಟ್ಟಿಗಿ ನಡುವ ಅಷ್ಟೇ ಅವ್ವಾ. ಒಳಮೈಗಿ ಎಮ್ಮಿ ಕೊಂಬು, ಹೊರಮೈಗಿ ನರ. ಅಂಟು ಮೀನಿಂದು."

ಅವ್ವ ಕೆಂಡ ಮುಟ್ಟಿದಂತೆ ಕೈ ಹಿಂದಕ್ಕೆಳೆದಳು. "ಲಿಂಗ ಕಟ್ಟಿದ ಮನ್ಯಾಗ ಮೀನೇನೋ!"

"ತಿನ್ನೂದಲ್ಲವ್ವಾ, ಬರೇ ಅಂಟು."

"ಅಂಟಬಾರದಂತನೇ ಇಷ್ಟು ದಿನ ದೂರ ಇದ್ದೀವಲ್ಲೋ!"

ಎಷ್ಟು ಬೇಡಿದರೂ ಕೇಳಲಿಲ್ಲ. ಎಮ್ಮೆಯ ಕೊಂಬು ಎಮ್ಮೆಯ ಹತ್ತಿರವೇ ಇರಲಿ ಎಂದು ಕೊಟ್ಟಿಗೆಯಲ್ಲಿ ತೂಗುಹಾಕಿಸಿದಳು. ಸಂಜೆ ಎಮ್ಮೆ ಹಾಲು ಕೊಡಲಿಲ್ಲ, ಬಿಲ್ಲನ್ನೇ ನೋಡುತ್ತ ನಿಂತಿತು.

"ತನ್ನ ಬಳಗದವರ ಗುರ್ತು ಹಿಡದದ," ಎಂದು ಅವ್ವ ತೀರ್ಪು ಕೊಟ್ಟಳು. ಆ ಮೇಲೆ ಬಿಲ್ಲು ಹೊರಗಿನ ಕಟ್ಟೆಗೆ ಬಂತು. ಅದನ್ನು ಕಾಯಲು ನನ್ನ ಹಾಸಿಗೆಯೂ ಕಟ್ಟೆಗೆ ಬಂತು. ನಾನು ಮೀನು ಮುಟ್ಟಿದವನೇ ಆದ್ದರಿಂದ ಅವ್ವ ಬೇಡವೆನ್ನಲಿಲ್ಲ.

ಮೊದಲ ಬಾಣ

ದಸರಾ ಹತ್ತಿರ ಬಂತು. ಉಸ್ತಾದರ ಪೆಟ್ಟಿಗೆ ಕಟ್ಟಿ ಇಟ್ಟಾಗಿತ್ತು. "ಇವತ್ತು ಒಂದು ಬಾಣ ಬಿಡು," ಎಂದರು. "ಬಿಲ್ಲು ಸಣ್ಣದದ. ಇದರಾಗ ಜೀವ ಇದ್ರ ಕಲಸಲಿಕ್ಕ ನಿಲ್ತೀನಿ. ಇಲ್ಲಂದ್ರ ನಾ ಬೀದರಕ್ಕ, ನೀ ಕಚೇರಿಗಿ."

ತಾಲೀಮಿನ ಹಿಂದಿನ ಬಯಲಿನಲ್ಲಿ ಹುಲ್ಲಿನ ಪೆಂಡಿ ನಿಲ್ಲಿಸಿದರು. ಪೈಲವಾನರೆಲ್ಲ ಸಾಲಾಗಿ ಕುಳಿತರು. ಇಷ್ಟು ಊರು ತಿರುಗಿ, ಇಷ್ಟು ಮಂದಿಯಿಂದ ನಗಿಸಿಕೊಂಡು ತಂದ ಬಿಲ್ಲು. ಇಲ್ಲಿ ಸೋತರೆ ಎಲ್ಲ ಮುಗಿಯಿತು. ಹಲ್ಲು ಕಚ್ಚಿ, ಕಿವಿಯವರೆಗೆ ಎಳೆದು ಬಿಟ್ಟೆ.

ಬಾಣ ಪೆಂಡಿಯ ಕಡೆ ಹೋಗಲೇ ಇಲ್ಲ. ಮೇಲಕ್ಕೆ ಹಾರಿ, ಬೇವಿನ ಮರ ದಾಟಿ, ಪಕ್ಕದ ಧಾನ್ಯದ ವ್ಯಾಪಾರಿಯ ಗೋಡೆ ದಾಟಿ ಆಚೆ ಇಳಿಯಿತು. ಆಮೇಲೆ ಗೋಡೆಯಾಚೆ ಒಂದು ಕಿರುಚು.

ನನ್ನ ಜೀವವೇ ಹೋಯಿತು. ಯಾರಿಗೆ ತಾಗಿತೋ! ಅಷ್ಟರಲ್ಲಿ ವ್ಯಾಪಾರಿಯ ಹೆಂಡತಿ ಹಿಂದಿನ ಬಾಗಿಲು ತೆರೆದುಕೊಂಡು ಬಂದಳು. ಕೈಯಲ್ಲಿ ಒಂದು ದೊಡ್ಡ ಬುಟ್ಟಿ. ಬುಟ್ಟಿಯ ತುಂಬ ಹಬ್ಬಕ್ಕೆಂದು ಬಡಿದು, ಬಿಸಿಲಿಗೆ ಒಣಗಿಸಿಟ್ಟ ಜೋಳದ ಖಡಕ್ ರೊಟ್ಟಿಯ ಗುಪ್ಪೆ. ಗುಪ್ಪೆಯ ನಟ್ಟನಡುವೆ ನನ್ನ ಬಾಣ.

"ಯಾರದ್ರಿ ಇದು?"

ಪೈಲವಾನರೆಲ್ಲ ಆಕಾಶ ನೋಡಿದರು. ನಾನು ಬಾಯಿ ತೆರೆಯುವುದರೊಳಗೆ ಉಸ್ತಾದರು ಎದ್ದು, ಕೋಲೂರುತ್ತ ಅವಳ ಹತ್ತಿರ ಹೋದರು. ಕ್ಷಮೆ ಕೇಳುತ್ತಾರೆ ಎಂದುಕೊಂಡೆ. ಅವರು ರೊಟ್ಟಿಯ ಮೇಲೆ ನಿಧಾನ ಕೈಯಾಡಿಸಿದರು.

"ರೊಟ್ಟಿ ಖಡಕ್ ಅವ ಏನವ್ವಾ?"

"ಕಲ್ಲಿನಂಗ ಅವರಿ!"

"ಬಾಣ ಎಲ್ಲೀತನಾ ಹೋಗ್ಯದ?"

"ತಳದ ತನಾ ಹೋಗ್ಯದರಿ! ಬುಟ್ಟೀನೂ ತೂತು ಬಿದ್ದದ!"

ಉಸ್ತಾದರು ಬುಟ್ಟಿಯ ಕೆಳಗೆ ಕೈ ಹಾಕಿ, ಹೊರಬಂದ ಮೊನೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಮಂಜುಗಣ್ಣಿನಲ್ಲಿ ನೀರು ತುಂಬಿ ಬಂತು. ನನ್ನ ಕಡೆ ತಿರುಗಿ, "ಶಾಬಾಸ್ ಬೇಟಾ! ಇದೇ ಬಿಲ್ಲು. ಇನ್ನು ಬ್ಯಾರೆ ಹುಡುಕಬ್ಯಾಡ. ನಾಳಿಂದ ಕಲಸ್ತೀನಿ," ಎಂದರು.

ವ್ಯಾಪಾರಿಯ ಹೆಂಡತಿ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ಹೇಳಿದಳು: "ಕಲಸ್ರಿ, ಬ್ಯಾಡನ್ನಂಗಿಲ್ಲ. ಆದ್ರ ಇಂವನ ಮಾರಿ ಮಸಣದ ಕಡಿ ಹೊಳ್ಳಿಸಿ ಕಲಸ್ರಿ. ಅಲ್ಲಿ ಯಾರೂ ರೊಟ್ಟಿ ತಿನ್ನಂಗಿಲ್ಲ."