ನೆನೆಸಿದ ಕಡಲೆಯ ಪಾಲು

ಗಿರಿಯಪ್ಪ ಮಾಸ್ತರರ ಆ ದಿನದ ಫಜೀತಿಗೆಲ್ಲ ಮೂಲ ಒಂದು ಹಿಡಿ ನೆನೆಸಿದ ಕಡಲೆ. ಕಡಲೆಯ ತಪ್ಪೇನೂ ಇರಲಿಲ್ಲ. ಅದು ಪಾಪ, ನೀರಲ್ಲಿ ಉಬ್ಬಿ, ಒಂದು ಚೂರು ಬೆಲ್ಲದ ಜೊತೆ ಅರಿವೆಯ ಗಂಟಿನಲ್ಲಿ ಸುಮ್ಮನೆ ಕುಳಿತಿತ್ತು. ತಪ್ಪೆಲ್ಲ ತಿಂದವರದು.

ಅದು ಎಂಬತ್ತೊಂದನೆಯ ಇಸವಿ. ಅಂಗವಿಕಲರ ವರ್ಷವೆಂದು ಸಾರಿದ್ದರಿಂದ, ಕಣ್ಣು ಕಾಣದವರಿಗೂ ಸೈಕಲ್ ಪಂದ್ಯ ನಡೆಸಬೇಕೆಂದು ಮೇಲಿನಿಂದ ಕಾಗದ ಬಂದಿತ್ತು. ಎರಡು ಸೀಟಿನ ಸೈಕಲ್ಲು. ಹಿಂದೆ ಕಣ್ಣು ಕಾಣದ ಸ್ಪರ್ಧಿ, ಮುಂದೆ ಹ್ಯಾಂಡಲ್ ಹಿಡಿಯಲು ಕಣ್ಣಿದ್ದವನು. ತುಳಿಯಬೇಕಾದವರು ಇಬ್ಬರೂ. ಸವಣೂರಿನಿಂದ ಮಹಮ್ಮದಗೌಸ ಹೆಸರು ಕೊಟ್ಟ. ಇಪ್ಪತ್ತೆರಡು ವರ್ಷ, ಹುಟ್ಟಿನಿಂದ ಕಣ್ಣಿಲ್ಲ, ವೀಳ್ಯದೆಲೆಯ ವಖಾರಿಯಲ್ಲಿ ಕೆಲಸ. ಎಲೆ ಎಳೆಯದೋ ಬಲಿತದ್ದೋ, ಅಂಚು ಹರಿದಿದೆಯೋ ಎಂದು ಬೆರಳ ತುದಿಯಿಂದಲೇ ನೋಡಿ ಕಟ್ಟು ಕಟ್ಟುತ್ತಿದ್ದ. ಸಣ್ಣಂದಿನಿಂದ ಅವನಿಗೆ ಓಡುವ ಆಸೆ. ಆದರೆ ಎರಡು ಹೆಜ್ಜೆ ಓಡಿದರೆ ಸಾಕು, 'ಬಿದ್ದೀ, ನಿಲ್ಲು' ಎಂದು ಇಡೀ ಓಣಿಯೇ ಕೂಗುತ್ತಿತ್ತು. ಬೀಸುವ ಗಾಳಿಗೆ ಎದುರಾಗಿ ಜೋರಾಗಿ ಹೋಗುವುದು ಹೇಗಿರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ.

ಸೈಕಲ್ ಅಂಗಡಿಯ ಮಕ್ತುಮಸಾಬ ಎರಡು ಹಳೆಯ ಸೈಕಲ್ಲುಗಳನ್ನು ಕತ್ತರಿಸಿ, ಬೆಸೆದು, ಉದ್ದನೆಯದೊಂದು ಪ್ರಾಣಿಯನ್ನು ತಯಾರಿಸಿದ. ಅದರ ಮುಂದಿನ ಸೀಟಿಗೆ ಮಾತ್ರ ಊರಲ್ಲಿ ಯಾರೂ ಒಪ್ಪಲಿಲ್ಲ. ಕಡೆಗೆ ಹೆಡ್ ಮಾಸ್ತರರು ಡ್ರಿಲ್ ಮಾಸ್ತರ ಗಿರಿಯಪ್ಪನವರತ್ತ ಬೆರಳು ತೋರಿಸಿದರು. ಗಿರಿಯಪ್ಪನವರಿಗೆ ಆಗ ನಲವತ್ತಾರು. ಹುಡುಗರಿಗೆ ಕವಾಯತು ಮಾಡಿಸುವಾಗ ಅವರು ಕುರ್ಚಿಯಲ್ಲಿ ಕುಳಿತು ಸೀಟಿ ಊದುತ್ತಿದ್ದರು. ಎದ್ದು ನಡೆದರೆ ಹೊಟ್ಟೆ ಅವರಿಗಿಂತ ಒಂದು ಹೆಜ್ಜೆ ಮುಂದಿರುತ್ತಿತ್ತು.

ತಾಲೀಮಿನ ಮೊದಲ ದಿನ ಅರ್ಧ ಕಿಲೋಮೀಟರಿಗೇ ಮಾಸ್ತರರ ಕಣ್ಣಿಗೆ ಕತ್ತಲೆ ಬಂತು. ಆಗಲೇ ಅವರೊಂದು ಸಂಗತಿ ಕಂಡುಹಿಡಿದರು. ಎರಡೂ ಪೆಡಲುಗಳಿಗೆ ಸರಪಳಿಯ ನಂಟಿದೆ. ಕಾಲು ಸುಮ್ಮನೆ ಮೇಲಿಟ್ಟುಕೊಂಡಿದ್ದರೆ ಸಾಕು, ಹಿಂದಿನವನು ತುಳಿದಂತೆ ಇವೂ ತಿರುಗುತ್ತವೆ. ಅಂದಿನಿಂದ ಮೂರು ತಿಂಗಳು ಮಾಸ್ತರರು ಒಂದು ಸುತ್ತೂ ತುಳಿಯಲಿಲ್ಲ. ಅನುಮಾನ ಬಾರದಿರಲೆಂದು ನಡುನಡುವೆ 'ಹಾಂ, ಹೂಂ' ಎಂದು ತೇಕುವುದನ್ನು ಮಾತ್ರ ಮರೆಯುತ್ತಿರಲಿಲ್ಲ. ದುಡಿದು ಬಂದ ಗಂಡನೆಂದು ಹೆಂಡತಿ ಅನ್ನವ್ವ ರೊಟ್ಟಿಯ ಮೇಲೆ ಬೆಣ್ಣೆಯ ಮುದ್ದೆ ಇಡುತ್ತಿದ್ದಳು. ಹೊಟ್ಟೆ ಈಗ ಎರಡು ಹೆಜ್ಜೆ ಮುಂದೆ ಹೋಯಿತು.

ಬಾಯಿಗೆ ಮಾತ್ರ ಅವರು ಬಿಡುವು ಕೊಡುತ್ತಿರಲಿಲ್ಲ. "ಎಡಕ್ಕ ತೆಗ್ಗು ಐತಿ, ಗಟ್ಟಿ ಹಿಡಕೋ. ಬಲಕ್ಕ ಹುಣಸಿಮರ ಬಂತು, ಮೈತುಂಬ ಗಿಳಿ ಕುಂತಾವ ನೋಡು. ಅಲ್ಲೊಬ್ಬಾಕಿ ಎಮ್ಮಿಗೆ ಬೈಕೊಂತ ಹೊಂಟಾಳ, ಎಮ್ಮಿ ಕೇಳವಲ್ದು!" ಹಿಂದೆ ಗೌಸ ನಗುತ್ತ ತುಳಿಯುತ್ತಿದ್ದ.

ಸಂಕಟವಾಗುತ್ತಿದ್ದುದು ತಾಲೀಮು ಮುಗಿದ ಮೇಲೆ. ಗೌಸನ ತಾಯಿ ಹಮೀದುನ್ನೀಸಾ ಮಗನಿಗೆಂದು ಕಟ್ಟಿಕೊಟ್ಟ ಕಡಲೆಯನ್ನು ಗೌಸ ಬೆರಳಿಂದ ಎಣಿಸಿ ಸರಿಯಾಗಿ ಎರಡು ಪಾಲು ಮಾಡುತ್ತಿದ್ದ. "ತಗೋರಿ ಸರ, ನೀವೂ ತುಳದೀರಿ." ಮಾಸ್ತರರು ತಲೆ ತಗ್ಗಿಸಿ ತಿನ್ನುತ್ತಿದ್ದರು.

ಅಂತೂ ಪರೀಕ್ಷೆಯ ದಿನ ಬಂತು. ಧಾರವಾಡದಿಂದ ಕ್ರೀಡಾ ಇಲಾಖೆಯ ಸಾಹೇಬರು ಕೈಗಡಿಯಾರ ನೋಡುತ್ತ ಬಂದಿಳಿದರು. ಯಲವಿಗಿ ರಸ್ತೆಯಲ್ಲಿ ಮೂರನೆಯ ಕಿಲೋಮೀಟರ್ ಕಲ್ಲು ಮುಟ್ಟಿ ಇಪ್ಪತ್ತು ನಿಮಿಷದಲ್ಲಿ ತಿರುಗಿ ಬಂದರೆ ಗೌಸ ರಾಜ್ಯ ಮಟ್ಟದ ಪಂದ್ಯಕ್ಕೆ ಹೋಗುತ್ತಾನೆ. ಇಲ್ಲವಾದರೆ ಮತ್ತೆ ಎಲೆಯ ಕಟ್ಟು, ಮತ್ತೆ 'ಬಿದ್ದೀ, ನಿಲ್ಲು'.

ಹೊರಡುವ ಮುಂಚೆ ಗೌಸ ಗಂಟು ಬಿಚ್ಚಿದ. ಪಾಲು ಮಾಡಲಿಲ್ಲ. ಇದ್ದಷ್ಟನ್ನೂ ಮಾಸ್ತರರ ಬೊಗಸೆಗೆ ಸುರಿದ. "ಇವತ್ತ ಪೂರಾ ನಿಮಗ ಸರ. ನಿಮಗ ಶಕ್ತಿ ಬೇಕಾಗತೈತಿ."

ಮಾಸ್ತರರು ತಿಂದರು. 'ಥೂ ಗಿರಿಯಾ, ನೀನೂ ಒಬ್ಬ ಮನಷ್ಯಾನ ಏನು?' ಎಂದು ತಮ್ಮನ್ನೇ ಬೈದುಕೊಂಡರು. ಇವತ್ತೊಂದು ದಿನವಾದರೂ ಪ್ರಾಣ ಹೋಗುವಂತೆ ತುಳಿದೇ ತೀರಬೇಕೆಂದು ನಿರ್ಧರಿಸಿದರು. ಕೆಟ್ಟದ್ದು ಅಲ್ಲೇ.

ನೆರೆದವರಲ್ಲಿ ಅನ್ನವ್ವನೂ ಇದ್ದಳು, ಪಕ್ಕದ ಮನೆಯ ಸರೋಜವ್ವನೂ ಇದ್ದಳು. "ಅಲ್ಲ ಅನ್ನವ್ವಾ, ಮೂರು ತಿಂಗಳು ಸೈಕಲ್ ತುಳದ್ರೂ ಮಾಸ್ತರ್ರು ಒಂದೀಟೂ ಇಳದಿಲ್ಲಲ್ಲ?" ಎಂದು ಸರೋಜವ್ವ ಕೇಳಿದಳು.

"ಅದು ಬೊಜ್ಜಲ್ಲ ಬಿಡವಾ, ಶಕ್ತಿ," ಎಂದಳು ಅನ್ನವ್ವ.

ಸಾಹೇಬರು ಸೀಟಿ ಊದಿದರು. ಮಾಸ್ತರರು ಹಲ್ಲು ಕಚ್ಚಿ ತುಳಿದರು. ಗೌಸ ಒಂದು ಲಯಕ್ಕೆ ತುಳಿದರೆ ಇವರು ಇನ್ನೊಂದಕ್ಕೆ. ಸೈಕಲ್ಲು ಹೊಸದಾಗಿ ನೊಗಕ್ಕೆ ಕಟ್ಟಿದ ಹೋರಿಯಂತೆ ಅತ್ತ ಇತ್ತ ಜಿಗಿಯತೊಡಗಿತು.

"ಸರ, ಏನಾತ್ರಿ?"

"ಏನಿಲ್ಲೋ, ತುಳಿ ನೀ!"

ಒಂದನೆಯ ಕಲ್ಲು ದಾಟುವಷ್ಟರಲ್ಲಿ ಪೊಲೀಸ್ ಫಕ್ಕೀರಪ್ಪ ಲಾಠಿ ಅಡ್ಡ ಹಿಡಿದ. "ಏ ಮಾಸ್ತರ್ರ, ಇಳೀರಿ ಕೆಳಗ. ಡಬಲ್ ಸೀಟ್! ಒಂದ ಸೈಕಲ್ ಮ್ಯಾಲ ಇಬ್ಬರು ಕುಂದರಬಾರದು ಅನ್ನೋ ಕಾಯ್ದೆ ಗೊತ್ತಿಲ್ಲೇನು?"

"ಎರಡು ಸೀಟು ಅದಾವಲ್ಲೋ ಮಾರಾಯಾ!"

"ಅದಕ್ಕ ಡಬಲ್ ಸೀಟ್ ಅನ್ನೋದು."

ಮಾಸ್ತರರು ಹಣೆ ಚಚ್ಚಿಕೊಂಡರು. ಗೌಸ ಮಾತ್ರ ತಾಳ್ಮೆಯಿಂದ, "ಸಾಹೇಬ್ರ, ಮುಂದಿನ ಸೈಕಲ್ ಅವರದು, ಹಿಂದಿಂದು ನಂದು. ಬೇಕಾದ್ರ ಬಿಲ್ಲೆ ನೋಡ್ರಿ," ಎಂದ. ಫಕ್ಕೀರಪ್ಪ ಬಗ್ಗಿ ನೋಡಿದ. ಮಕ್ತುಮಸಾಬ ಬೆಸೆಯುವಾಗ ಬಿಚ್ಚಲು ಮರೆತಿದ್ದ ಮುನಿಸಿಪಾಲ್ಟಿಯ ಲೈಸೆನ್ಸ್ ಬಿಲ್ಲೆಗಳು ಎರಡೂ ಇದ್ದವು. ಫಕ್ಕೀರಪ್ಪ ಅವನ್ನು ಎರಡೆರಡು ಸಲ ಎಣಿಸಿ, ದಾರಿ ಬಿಟ್ಟ. ಎರಡು ನಿಮಿಷ ಹೋದವು.

ಮಾಸ್ತರರು ಇನ್ನೂ ಜೋರಾಗಿ ತುಳಿದರು. ಮೂರನೆಯ ಕಲ್ಲು ಮುಟ್ಟಿ ತಿರುಗುವಾಗ, ಎಳೆದಾಟ ತಾಳಲಾರದೆ ಸರಪಳಿ ಕಳಚಿ ಬಿತ್ತು. ಮಾಸ್ತರರು ರಸ್ತೆಯ ಮೇಲೇ ಕುಕ್ಕರಿಸಿದರು. ಗೌಸ ಕೂತು, ಎಲೆ ನೋಡುವ ಬೆರಳುಗಳಿಂದ ಚಕ್ರದ ಹಲ್ಲು ಹುಡುಕಿ ಸರಪಳಿ ಏರಿಸಿದ. ಮಾಸ್ತರರು ತಮ್ಮ ಗಡಿಯಾರ ನೋಡಿದರೆ ಉಳಿದದ್ದು ಎಂಟೇ ನಿಮಿಷ.

"ಗೌಸಾ, ನಿನ್ನ ಬಾಳೇವು ನಾ ಹಾಳ ಮಾಡಿದ್ನಪಾ," ಎಂದರು ಮಾಸ್ತರರು.

"ಸರ, ಒಂದ ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ," ಎಂದ ಗೌಸ ಕೈ ಒರೆಸಿಕೊಳ್ಳುತ್ತ. "ದಿನಾ ಕುಂತಂಗ ಕುಂದರ್ರಿ. ತುಳೀಬ್ಯಾಡ್ರಿ."

ಮಾಸ್ತರರು ಕುಳಿತಲ್ಲಿಂದ ಎದ್ದರು. "ನಿನಗ ಗೊತ್ತಿತ್ತೇನೋ?"

"ಮೊದಲನೇ ದಿನಾನ ಗೊತ್ತಾತ್ರಿ. ಎಲಿ ಬಲಿತದ್ದು ಬೆರಳಿಗೆ ತಿಳಿಯೂದಿಲ್ಲೇನ್ರಿ? ಪೆಡಲ್ ಕಾಲಿಗೆ ತಿಳಿತೈತಿ. ಹತ್ರಿ ಮೊದಲ, ಹೊತ್ತಾತು."

ಮಾಸ್ತರರು ಹತ್ತಿ, ದಿನದಂತೆ ಕಾಲು ಸಡಿಲ ಬಿಟ್ಟರು. ಸೈಕಲ್ಲು ನೆಟ್ಟಗಾಯಿತು, ಆಮೇಲೆ ಹಾರತೊಡಗಿತು. ಮೂರು ತಿಂಗಳು ಒಬ್ಬನೇ ಇಬ್ಬರ ಭಾರ ಎಳೆದ ಕಾಲುಗಳವು. ಮಾಸ್ತರರು ತಮಗೆ ಬರುವ ಕೆಲಸವನ್ನು ಮಾಡಿದರು. "ಎಡಕ್ಕ ತೆಗ್ಗು! ಹುಣಸಿಮರ ಬಂತು, ಗಿಳಿ ಎಲ್ಲಾ ಎದ್ದೂವು ನೋಡು! ಫಕ್ಕೀರಪ್ಪ ಸಲಾಂ ಹೊಡ್ಯಾಕತ್ತಾನ!" ಹಾಗೆ ಕೂಗುವಾಗ ಅವರ ಕಣ್ಣಿಂದ ನೀರು ಸುರಿಯುತ್ತಿತ್ತು. ಗಾಳಿಗೆ ಎಂದುಕೊಂಡರು. ಗಾಳಿಗಲ್ಲ.

ಹತ್ತೊಂಬತ್ತು ನಿಮಿಷ ಮುಗಿದು ಮೂವತ್ತು ಸೆಕೆಂಡಿಗೆ ಅವರು ಗೆರೆ ದಾಟಿದರು. ಹಮೀದುನ್ನೀಸಾ ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸಾಹೇಬರು ಬೆರಗಾಗಿ, "ಇಷ್ಟು ತಾಕತ್ತು ಹೆಂಗ ಬಂತೋ?" ಎಂದು ಗೌಸನನ್ನು ಕೇಳಿದರು.

"ಎಲ್ಲಾ ನಮ್ಮ ಸರ್ದ ತಾಲೀಮ್ರಿ. ಮೂರು ತಿಂಗಳು ಅವರು ಒಂದ ಸಲಾನೂ ತುಳೀಲಿಲ್ಲ."

ಅನ್ನವ್ವ ತಿರುಗಿ ಗಂಡನ ಹೊಟ್ಟೆಯನ್ನು ನೋಡಿದಳು. ಸರೋಜವ್ವ ಅನ್ನವ್ವನನ್ನು ನೋಡಿದಳು.

ಸಾಹೇಬರು ಬಿದ್ದು ಬಿದ್ದು ನಕ್ಕು, ಪಂದ್ಯಕ್ಕೆ ಇನ್ನೂ ಒಂದು ತಿಂಗಳಿದೆ, ಮುಂದೆ ಕೂರಲು ಗಟ್ಟಿಯಾದ ಇನ್ನೊಬ್ಬನನ್ನು ಕೊಡುತ್ತೇನೆ ಎಂದರು. ಮಾಸ್ತರರ ಮುಖ ಸಣ್ಣದಾಯಿತು. ಬೇಡವೆನ್ನುತ್ತಲೇ ಹತ್ತಿದ್ದ ಸೀಟು ಬಿಡಬೇಕೆಂದಾಗ ಇಷ್ಟು ನೋಯುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

"ಬ್ಯಾಡ್ರಿ ಸಾಹೇಬ್ರ," ಎಂದ ಗೌಸ. "ಅವರು ತುಳೀಲಿಲ್ಲ ಖರೆ. ಆದ್ರ ಒಂದ ದಿನಾನೂ ತಪ್ಪಿಸಲಿಲ್ಲ. ಊರಾಗ ಎಲ್ಲಾರೂ ನನಗ ನಿಲ್ಲು ಅಂದ್ರು, ಇವರು ಒಬ್ಬರ ತುಳಿ ಅಂದ್ರು. ಇವರ ಬಾಯಾಗ ನನಗ ರಸ್ತಾ ಕಾಣತೈತಿ. ಇವರ ಬೇಕು. ತುಳ್ಯಾಕ ಇವರನ್ನ ನಾ ತಯಾರ ಮಾಡ್ತೇನಿ."

ಸಾಹೇಬರು ಒಪ್ಪಿದರು. ಮಾಸ್ತರರಿಗೆ ಎಷ್ಟು ಖುಷಿಯಾಯಿತೆಂದರೆ, ಗೌಸನ ಕೊನೆಯ ಮಾತು ಕಿವಿಗೆ ಬೀಳಲೇ ಇಲ್ಲ.

ಮನೆಗೆ ಹೊರಡಲು ಇಬ್ಬರೂ ಸೈಕಲ್ ಹತ್ತಿದರು. ಮುಂದೆ ಏರು. ಸೈಕಲ್ಲು ಕದಲಲಿಲ್ಲ.

"ತುಳಿಯೋ ಗೌಸಾ."

ಹಿಂದಿನಿಂದ ಕಟುಂ ಕಟುಂ ಎಂದು ಸದ್ದು ಬಂತು. ಮಾಸ್ತರರು ತಿರುಗಿ ನೋಡಿದರು. ಗೌಸ ಕಾಲೆರಡನ್ನೂ ಸೈಕಲ್ಲಿನ ದಂಡಿಗೆಯ ಮೇಲೆ ಆರಾಮಾಗಿ ಇಟ್ಟುಕೊಂಡು, ಅವ್ವ ತಂದಿದ್ದ ಇನ್ನೊಂದು ಗಂಟಿನಿಂದ ಕಡಲೆ ತಿನ್ನುತ್ತಿದ್ದ.

"ಒಂದ ತಿಂಗಳು ನಿಮ್ಮ ಪಾಳಿ ಸರ. ನಾ ಗಟ್ಟಿ ಆಗಿದ್ದು ನಿಮ್ಮ ಭಾರಕ್ಕ. ಈಗ ನೀವು ನನ್ನ ಭಾರಕ್ಕ ಆಗ್ರಿ."

"ನಾಲ್ಕು ಕಡಲಿ ಆದ್ರೂ ಕೊಡೋ!"

"ಮುಂಜಾನಿನ ಪೂರಾ ಕೊಟ್ಟೇನಲ್ರಿ. ಶಕ್ತಿ ಬೇಕಾಗತೈತಿ ಅಂತ ಹೇಳಿರಲಿಲ್ಲೇನ್ರಿ?"

"ಬೆಣ್ಣೀನೂ ಇವತ್ತಿಗೆ ಮುಗೀತು!" ಎಂದು ಪಕ್ಕದಲ್ಲಿ ನಿಂತಿದ್ದ ಅನ್ನವ್ವ ಸೇರಿಸಿದಳು.

ಮಾಸ್ತರರು ತುಳಿದರು. ಏರಿನ ಅರ್ಧಕ್ಕೆ ಬರುವಷ್ಟರಲ್ಲಿ ಅವರ ಎದೆ ಕುಲುಮೆಯ ತಿದಿಯಂತೆ ಏರಿಳಿಯುತ್ತಿತ್ತು. ಎಡಕ್ಕೇನಿದೆ, ಬಲಕ್ಕೇನಿದೆ ಎಂದು ಹೇಳಲು ಉಸಿರೇ ಇರಲಿಲ್ಲ.

ಹಿಂದೆ ಗೌಸ ಕಡಲೆ ಅಗಿಯುವುದನ್ನು ನಿಲ್ಲಿಸಿ, ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದ. ಆಮೇಲೆ ತೃಪ್ತಿಯಿಂದ ಹೇಳಿದ:

"ಹಾಂ ಸರ, ಈ ತೇಕು ಖರೇದು."