ದೀಪದ ಗೂಡಿನಲ್ಲಿ ಸಿಕ್ಕ ತಂತಿ

ಬೇರೆಯವರ ಹುಳುಕು ಹುಡುಕುವ ಚಾಳಿಗೆ ಕ್ಯಾಮೆರಾವೊಂದು ಜೊತೆಯಾದರೆ ಮನುಷ್ಯ ಕೆಡುವುದಕ್ಕೆ ಇನ್ನೇನೂ ಬೇಕಿಲ್ಲ. ನಾನು ಹಾಗೆ ಕೆಟ್ಟವನು. ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ನನ್ನ ಪೀರಿಯಡ್ಡುಗಳನ್ನು ಗಣಿತದವರು ಕಸಿದುಕೊಳ್ಳುತ್ತಿದ್ದುದರಿಂದ ಬಿಡುವು ಧಾರಾಳ. ಷಡ್ಡಕ ಕೊಟ್ಟ ಹಳೇ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಊರು ಸುತ್ತುತ್ತಿದ್ದೆ. ದುರ್ಗಕ್ಕೆ ಬಂದವರೆಲ್ಲ ಕೋಟೆಯ ಫೋಟೊ ತೆಗೆಯುತ್ತಾರೆ. ನಾನು ಕೋಟೆಗೆ ಬೆನ್ನು ಹಾಕಿ ನಮ್ಮ ಬೀದಿಯ ದೀಪದ ಕಂಬಗಳನ್ನು ಹಿಡಿದೆ.

ಸೀಮೆಎಣ್ಣೆ ಕಾಲದ ಕಬ್ಬಿಣದ ಕಂಬಗಳು ಅವು. ಮೇಲೆ ಗಾಜಿನ ಗೂಡು, ಗೂಡಿಗೊಂದು ಟೋಪಿ. ದೂರದಿಂದ ಬಹಳ ಗಂಭೀರ. ಈ ಕೆಲಸಕ್ಕೆಂದೇ ಮಾಡಿಸಿಕೊಂಡ ಏಣಿ ಹತ್ತಿ ನೋಡಿದರೆ, ಒಂದರೊಳಗೆ ಟ್ಯೂಬ್‌ಲೈಟಿನ ಚೋಕು ಪ್ಲಾಸ್ಟಿಕ್ ದಾರದಲ್ಲಿ ನೇತಾಡುತ್ತಿತ್ತು. ಇನ್ನೊಂದರ ಗಾಜು ಒಡೆದ ಕಡೆ ಕುಟುಂಬ ಯೋಜನೆಯ ಕೆಂಪು ತ್ರಿಕೋನದ ತಗಡು ಸಿಕ್ಕಿಸಿದ್ದರು. ಅದರ ಮರೆಯಲ್ಲೇ ಗುಬ್ಬಿಯೊಂದು ಸಂಸಾರ ಹೂಡಿ ನಾಲ್ಕು ಮರಿ ಮಾಡಿತ್ತು. ನಮ್ಮ ಮನೆ ಮುಂದಿನ ಕಂಬದ ಗೂಡಿನಲ್ಲಿ ಒಂದು ಪ್ಲಗ್ಗು, ಅದರಿಂದ ಹೊರಟ ತಂತಿಗೆ ಕಂಬದ್ದೇ ಕಪ್ಪು ಬಣ್ಣ. ಯಾವ ಖದೀಮನ ಕೆಲಸವೋ ಎಂದು ನಗುತ್ತ ಅದರ ಫೋಟೊವನ್ನೂ ತೆಗೆದೆ. ತಂತಿಯ ಇನ್ನೊಂದು ತುದಿ ಎಲ್ಲಿದೆಯೆಂದು ನೋಡುವ ಕುತೂಹಲ ನನಗೆ ಬರಲಿಲ್ಲ.

ಸ್ಟುಡಿಯೊ ಇಟ್ಟಿದ್ದ ಗೆಳೆಯ ದಸ್ತಗೀರ್ ಅವನ್ನೆಲ್ಲ ದೊಡ್ಡದಾಗಿ ಪ್ರಿಂಟ್ ಹಾಕಿ ಅಂಗಡಿಯ ಗಾಜಿಗೆ ಅಂಟಿಸಿದ. ಜನ ನಿಂತು ನಕ್ಕರು. ಹಿರಿಯೂರಿಗೆ ಹೊರಟವರೊಬ್ಬರು ನಗುತ್ತ ಬಸ್ಸು ತಪ್ಪಿಸಿಕೊಂಡರು ಎಂದು ಕೇಳಿ ನಾನು ಮದುಮಗನಂತೆ ಓಡಾಡಿದೆ. ಆಮೇಲೆ ಕರೆಂಟ್ ಆಫೀಸಿನವರೊಬ್ಬರು ನಿಂತು ನೋಡಿದರಂತೆ. ಅವರು ನಗಲಿಲ್ಲ.

ಮರುದಿನ ಬೆಳಿಗ್ಗೆ ಲೈನ್‌ಮನ್ ಬಂದ. ನಾನೇ ಹೆಮ್ಮೆಯಿಂದ ಏಣಿ ತಂದುಕೊಟ್ಟೆ. ತಂತಿ ಕಂಬದಿಂದ ಇಳಿದು, ಚರಂಡಿಯ ಚಪ್ಪಡಿ ಕೆಳಗೆ ನುಸುಳಿ, ಗೋಡೆ ಹತ್ತಿ ಹೆಂಚಿನ ಸಂದಿಯಲ್ಲಿ ಮಾಯವಾಯಿತು. ಹೆಂಚು ನಮ್ಮ ಮನೆಯದು.

"ಬರ್ರಿ ಸಾರ್, ಒಳಗೆ ನೋಡಾಣ" ಎಂದ. ಒಳಗೆ ಅದು ನಮ್ಮ ಎರಡು ಬಲ್ಬಿಗೂ ರೇಡಿಯೊಕ್ಕೂ ಹೋಗಿ ನಿಂತಿತ್ತು.

ಮನೆ ಮಾಲೀಕ ತಿಪ್ಪೇಸ್ವಾಮಿಯವರು "ಬಾಡಿಗೆ ಜೊತೆ ಕರೆಂಟೂ ಸೇರ್ತು ಮೇಷ್ಟ್ರೇ" ಎಂದು ಮನೆ ಕೊಟ್ಟಿದ್ದರು. ಬೀದಿದೀಪ ಹತ್ತಿದಾಗಷ್ಟೇ ನಮ್ಮ ಮನೆಗೆ ಕರೆಂಟು ಬರುತ್ತಿತ್ತು. ಹಗಲೆಲ್ಲ ಕರೆಂಟು ತೆಗೆಯುತ್ತಾರೆಂದು ನಾನು ಸ್ಟಾಫ್ ರೂಮಿನಲ್ಲಿ ಸರ್ಕಾರವನ್ನು ಬೈಯುತ್ತಿದ್ದೆ.

ಹೆಂಡತಿ ಸರೋಜಳನ್ನು ಕೇಳಿದೆ, ನಿನಗೆ ಗೊತ್ತಿತ್ತೇ ಎಂದು.

"ಇಡೀ ಬೀದಿಗೇ ಗೊತ್ತೈತೆ. ನಿಮಗೂ ಗೊತ್ತಿದ್ದೇ ಸುಮ್ನಿದೀರಿ ಅಂದ್ಕಂಡಿದ್ದೆ" ಎಂದಳು.

ಕರೆಂಟ್ ಆಫೀಸಿನ ಸಾಹೇಬರು ವಿಚಾರಣೆಗೆ ಕರೆದರು. ತಂತಿ ಬಾಡಿಗೆಯವರೇ ಎಳೆದುಕೊಂಡದ್ದು ಎಂದು ತಿಪ್ಪೇಸ್ವಾಮಿಯವರು ತಣ್ಣಗೆ ಹೇಳಿದರು. "ಏಣಿ ಯಾರ್ದು?" ಎಂದು ಸಾಹೇಬರು ಕೇಳಿದರು. ಏಣಿ ನನ್ನದೇ. ಪ್ಲಗ್ಗನ್ನು ನಾನು ಹತ್ತಿರದಿಂದ ಕಂಡಿದ್ದೆನೆಂಬುದಕ್ಕೆ ಫೋಟೊ ಅಂಗಡಿಯಲ್ಲಿ ನೇತಾಡುತ್ತಿತ್ತು. ನಮ್ಮ ಹೆಡ್ಮಾಸ್ಟರು ಬಂದು ಕೈಮುಗಿದದ್ದರಿಂದ ನೌಕರಿ ಉಳಿಯಿತು. ಮಾನದ ವಿಷಯ ಯಾರೂ ಎತ್ತಲಿಲ್ಲ.

ಸಂಜೆ ತಿಪ್ಪೇಸ್ವಾಮಿಯವರು ಬಂದು, ನನ್ನ ಮನೆಯಲ್ಲೇ ನನಗೆ "ಕುಂತ್ಕಳ್ರಿ" ಎಂದರು. "ನಿಮ್ಮಂಥ ಕಲಾವಿದ್ರಿಗೆ ಈ ಮನೆ ಸಾಲ್ದು ಮೇಷ್ಟ್ರೇ. ಖಾಲಿ ಮಾಡ್ರಿ." ನಾವು ಗಾಡಿಗೆ ಸಾಮಾನು ಏರಿಸುವ ಹೊತ್ತಿಗೆ ಆ ಕಂಬಗಳನ್ನೂ ಕೀಳುತ್ತಿದ್ದರು, ಕರೆಂಟು ಕದಿಯಲು ಬಾರದ ಸಿಮೆಂಟ್ ಕಂಬಗಳು ಬರಲಿದ್ದವು. ಗುಬ್ಬಿಗೆ ನೋಟೀಸನ್ನೂ ಕೊಟ್ಟಿರಲಿಲ್ಲ.

ನನ್ನ ಕೀರ್ತಿ ಕೇಳಿದ ಊರಿನಲ್ಲಿ ಯಾರೂ ಮನೆ ಕೊಡಲಿಲ್ಲ. ಕಡೆಗೆ ಹೊಳಲ್ಕೆರೆ ರಸ್ತೆಯಲ್ಲಿ, ಊರಾಚೆ, ಕರೆಂಟೇ ಇಲ್ಲದ ಮನೆಯೊಂದು ಸಿಕ್ಕಿತು. ಮೊದಲ ಸಂಜೆ ಸರೋಜ ಲಾಟೀನು ಹಚ್ಚಿ ನನ್ನ ಮುಂದೆ ಇಟ್ಟಳು.

"ಇದರದ್ದೂ ಒಂದು ಫೋಟೊ ತಗೀರಿ" ಎಂದಳು. "ಇದರೊಳಗೆ ಚೋಕು, ಪ್ಲಗ್ಗು, ಹೊಸಾದು ಏನೂ ಇಲ್ಲ."

ಅವಳ ಮುಖದಲ್ಲಿ ನಗುವಿರಲಿಲ್ಲ. ಅಷ್ಟು ಬೆಳಕಿಗೆ ನನ್ನ ಕ್ಯಾಮೆರಾದಲ್ಲಿ ಏನೂ ಮೂಡುವುದಿಲ್ಲವೆಂದು ಹೇಳಲು ಧೈರ್ಯ ಸಾಲದೆ, ಸುಮ್ಮನೆ ಗುಂಡಿ ಒತ್ತಿದೆ.