ಲೆಕ್ಕ ಸರಿಯಾಗಿತ್ತು, ಅವ್ವ ಇರಲಿಲ್ಲ

ರೋಡ್ಸ್ ದ್ವೀಪದ ಪ್ರವಾಸಿ ಬಸ್ಸಿನ ಗೈಡಮ್ಮನವರ ಅಂಗೈಯಲ್ಲಿ ವಿರಾಜಿಸುತ್ತ, ಒಬ್ಬೊಬ್ಬರು ಬಸ್ಸು ಹತ್ತಿದಂತೆ ಟಿಕ್ ಟಿಕ್ ಎಂದು ತಲೆ ಎಣಿಸುವ ಎಣಿಕೆ ಯಂತ್ರದವರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ರಿಕ್ಕರ್ಟನ್ ನಿವಾಸಿಯೂ ವೃತ್ತಿಯಲ್ಲಿ ಎಂಜಿನಿಯರನೂ ಆದ ಶಿವಪ್ರಸಾದ ಎಂಬ ನಾನು ತಮಗೆ ತಲೆಬಾಗಿ ವಂದಿಸಿ, ಹೋದ ತಿಂಗಳು ಗ್ರೀಸಿನಲ್ಲಿ ಹಡಗಿನಿಂದಿಳಿದು ತಮ್ಮ ಅರ್ಧ ದಿನದ ದ್ವೀಪ ದರ್ಶನಕ್ಕೆ ಬಂದಾಗ ನಡೆದದ್ದನ್ನು, ನಾಲ್ಕು ಜನ ಓದಲೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ನನ್ನೊಂದಿಗೆ ಹೆಂಡತಿ ಮೇಘಾ ಇದ್ದಳು. ಗದಗಿನಿಂದ ಬಂದು ನಮ್ಮಲ್ಲೇ ನೆಲೆಸಿರುವ ನಮ್ಮವ್ವ ನೀಲಮ್ಮನವರೂ ಇದ್ದರು.

ದರ್ಶನದ ಬಗ್ಗೆ ನನ್ನ ತಕರಾರಿಲ್ಲ. ಬಂದರಿನಲ್ಲಿ ನಿಲ್ಲಿಸಿ, ಎರಡು ಸಾವಿರ ವರ್ಷಗಳ ಹಿಂದೆ ಭೂಕಂಪಕ್ಕೆ ಬಿದ್ದ ಕಂಚಿನ ಮಹಾವಿಗ್ರಹ ಇಲ್ಲೆಲ್ಲೋ ಇತ್ತೆಂದು ಖಾಲಿ ಜಾಗವೊಂದನ್ನು ತೋರಿಸಲಾಯಿತು. ಭೂಕಂಪಕ್ಕೆ ಬಿದ್ದದ್ದರ ಖಾಲಿ ಜಾಗ ತೋರಿಸುವುದರಲ್ಲಿ, 2011ರ ಭೂಕಂಪಕ್ಕೆ ಅರ್ಧ ಪೇಟೆ ಕಳೆದುಕೊಂಡ ಕ್ರೈಸ್ಟ್‌ಚರ್ಚಿನವರಾದ ನಾವೇ ಪಳಗಿದ ಕೈಯಾದರೂ ಮರ್ಯಾದೆಗೆಂದು ಫೋಟೊ ತೆಗೆದುಕೊಂಡೆವು. ಆಮೇಲೆ ಕೋಟೆಯೊಳಗಿನ ಕಲ್ಲುಹಾಸಿನ ಬೀದಿಯಲ್ಲಿ ಹನ್ನೊಂದು ನಿಮಿಷ ಓಡಿಸಿ ಮತ್ತೆ ಬಸ್ಸು ಹತ್ತಿಸಿದರು. ಬೆಳಿಗ್ಗೆ ನಲವತ್ನಾಲ್ಕು ಎಂದಿದ್ದ ತಾವು ಆಗಲೂ ನಲವತ್ನಾಲ್ಕು ಎಂದಿರಿ, ಬಸ್ಸು ಹೊರಟಿತು.

ಮಾನ್ಯರೇ, ಆ ನಲವತ್ನಾಲ್ಕರಲ್ಲಿ ನಮ್ಮವ್ವ ಇರಲಿಲ್ಲ. ನಮ್ಮ ಹಿಂದಿನ ಸೀಟಿನಲ್ಲಿ, ಮೇಘಾ ಬಂದರಿನಲ್ಲಿ ಅವ್ವನಿಗೆ ಕೊಡಿಸಿದಂಥದೇ ಹುಲ್ಲಿನ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು, ಬೇರೆ ಬಸ್ಸಿಗೆ ಸೇರಿದ ಇಟಲಿಯ ಅಜ್ಜಿಯೊಬ್ಬರು ಗಾಢ ನಿದ್ರೆಯಲ್ಲಿದ್ದರು. ನಾನು ಫೋನಿನಿಂದ ಕಣ್ಣು ಕೀಳದೆ ಕೈ ಹಿಂದಕ್ಕೆ ಚಾಚಿ ಅವರಿಗೆ ಅವ್ವನ ಶಾಲು ಹೊದಿಸಿದೆ. ಇಪ್ಪತ್ತು ನಿಮಿಷದ ನಂತರ ಹಾಗೆಯೇ ಕೈ ಚಾಚಿ ಶೇಂಗಾ ಉಂಡಿ ಕೊಟ್ಟೆ, ತಿಂದರು. ಇನ್ನೊಂದು ಬೇಕೆಂದು ಕೇಳಿದಾಗಲೇ ಭಾಷೆ ಬೇರೆ ಎಂಬುದು ನನ್ನ ಗಮನಕ್ಕೆ ಬಂದದ್ದು.

ನಾನು ಬಾಯಿ ಬಾಯಿ ಬಡಿದುಕೊಂಡರೆ, ಗೈಡಮ್ಮನವರು ನಲವತ್ನಾಲ್ಕು ತೋರಿಸುತ್ತಿದ್ದ ತಮ್ಮನ್ನೇ ನನ್ನ ಮೂಗಿನ ಮುಂದೆ ಹಿಡಿದು ಯಾರೂ ಕಳೆದಿಲ್ಲವೆಂದು ಸಾಧಿಸಿದರು. ಹರಿಶ್ಚಂದ್ರನ ವಂಶದವರಾದ ತಾವು ಸುಳ್ಳು ಹೇಳುವುದುಂಟೇ? ಹೆತ್ತ ತಾಯಿ ಕಾಣದಿರುವುದು ನನ್ನ ಕಣ್ಣಿನ ದೋಷವೆಂದೇ ಬಸ್ಸಿನವರೆಲ್ಲ ನಂಬಿದರು. ಹಡಗು ಮಧ್ಯಾಹ್ನ ಎರಡು ಗಂಟೆಗೆ ಹೊರಡುವುದಿತ್ತು, ಅವ್ವನಿಗೆ ಇಂಗ್ಲಿಷ್ ಬಾರದು, ಅವರ ಫೋನು ನನ್ನ ಚೀಲದಲ್ಲಿತ್ತು.

ಟ್ಯಾಕ್ಸಿ ಹಿಡಿದು ಹಿಂದಕ್ಕೆ ಓಡಿದರೆ, ಓಟಕ್ಕೆ ಕಾಲು ಸೋತ ಅವ್ವ ಕೋಟೆಯ ಆ ಬೀದಿಯ ಮೆಟ್ಟಿಲೊಂದರ ಮೇಲೆ ಕೂತಲ್ಲೇ ಕೂತಿದ್ದರು. ನಾನು ಏದುಸಿರು ಬಿಡುತ್ತ ತಮ್ಮ ಲೆಕ್ಕದ ಕಥೆಯನ್ನೆಲ್ಲ ಹೇಳಿ, ತಪ್ಪನ್ನು ಪೂರ್ತಿ ತಮ್ಮ ತಲೆಗೇ ಕಟ್ಟಿದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಒಂದೇ ಮಾತು ಹೇಳಿದರು: "ಅದಕ್ಕ ನಲವತ್ನಾಕು ಮಂದೀನ್ನ ಎಣಸೂದಿತ್ತು. ನಿನಗ ನಾ ಒಬ್ಬಾಕೀನ ಇದ್ನೆಲ್ಲೋ."

ಆ ಮಾತಿನ ನಾಚಿಕೆ ಇಂದಿಗೂ ಹೋಗಿಲ್ಲ. ಆದಕಾರಣ ತಾವು ದಯಮಾಡಿ, ಇನ್ನು ಮುಂದೆ ತಲೆ ಎಣಿಸುವಾಗ ಟೋಪಿ ತೆಗೆಸಿ ಮುಖ ನೋಡಬೇಕೆಂದೂ, ಯಾರ ತಾಯಿ ಯಾರೆಂದು ವಿಚಾರಿಸಿಕೊಳ್ಳಬೇಕೆಂದೂ, ನಡೆದದ್ದೆಲ್ಲ ತಮ್ಮದೇ ತಪ್ಪೆಂದು ನಮ್ಮವ್ವನಿಗೆ ದಪ್ಪ ಕನ್ನಡ ಅಕ್ಷರಗಳಲ್ಲಿ ಒಂದು ಕಾಗದ ಬರೆದು ನನ್ನ ಮಾನ ಉಳಿಸಬೇಕೆಂದೂ ಕೈಮುಗಿದು ಬೇಡುತ್ತೇನೆ.

ತಮ್ಮಷ್ಟು ಕೂಡ ಎಣಿಸಲು ಬಾರದ,
ತಮ್ಮ ವಿಶ್ವಾಸಿ,
ಶಿವಪ್ರಸಾದ

ಮರೆತ ಮಾತು: ಈಗ ನಾವು ಮಾಲ್‌ನಿಂದ ಮನೆಗೆ ಹೊರಡುವಾಗ ಅವ್ವ ಕಾರಿನಲ್ಲಿ ಕೂತು ಬೆರಳು ಮಡಚಿ ಗಟ್ಟಿಯಾಗಿ ಎಣಿಸುತ್ತಾರೆ: "ಮೇಘಾ ಒಂದ, ನಾ ಎರಡ. ಎಲ್ಲಾರೂ ಬಂದೀವಿ, ಗಾಡಿ ಬಿಡು." ಗಾಡಿ ಬಿಡುವವನು ನಾನು.